ವಾರಕ್ಕೆ ಇನ್ನೊಂದು ಡಯಾಲಿಸಿಸ್: ಯಾವಾಗ ಕೇಳಬೇಕು, ಏನನ್ನು ಗಮನಿಸಬೇಕು

ಡಯಾಲಿಸಿಸ್ ಮುಗಿಸಿ ಮನೆಗೆ ಹೋದ ಮೇಲೆ ನೀವು ಮೊದಲಿನಂತಾಗಲು ಎಷ್ಟು ಹೊತ್ತು ಬೇಕಾಗುತ್ತದೆ? ‘ಒಂದು ಗಂಟೆ ಮಲಗಿದರೆ ಸಾಕು’ ಎನ್ನುವವರಿದ್ದಾರೆ. ‘ಮರುದಿನ ಊಟದ ಹೊತ್ತಿನವರೆಗೆ ನಾನು ನಾನಾಗಿರುವುದಿಲ್ಲ’ ಎನ್ನುವವರೂ ಇದ್ದಾರೆ. ಈ ಎರಡನೆಯವರಿಗಾಗಿ, ಅವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಡಯಾಲಿಸಿಸ್ ತಂತ್ರಜ್ಞೆ. ಉಡುಪಿ ಜಿಲ್ಲೆಯ ಒಂದು ಕೇಂದ್ರದಲ್ಲಿ ಕೆಲಸ. ಸೂಜಿ ಹಾಕುವುದು, ಎಷ್ಟು ನೀರು ತೆಗೆಯಬೇಕೆಂದು ಮಷೀನಿಗೆ ತುಂಬುವುದು, ನಾಲ್ಕು ಗಂಟೆಯೂ ಹಾಸಿಗೆಯಿಂದ ಹಾಸಿಗೆಗೆ ಓಡಾಡುತ್ತಾ ಬಿ.ಪಿ. ನೋಡುವುದು ನನ್ನ ಪಾಲಿನದು. ವಾರಕ್ಕೆ ಎಷ್ಟು ಸಲ, ಯಾವ ಔಷಧಿ ಎಂದು ನಿರ್ಧರಿಸುವವರು ನೆಫ್ರಾಲಜಿಸ್ಟ್, ಅಂದರೆ ಮೂತ್ರಪಿಂಡದ ಡಾಕ್ಟರು. ಆದರೆ ಆ ನಿರ್ಧಾರಕ್ಕೆ ಬೇಕಾದ ವಿವರಗಳಲ್ಲಿ ಅರ್ಧದಷ್ಟು ರೋಗಿಯ ಬಳಿಯೇ ಇರುತ್ತವೆ. ‘ಹೇಗಿದ್ದೀರಿ?’ ಎಂದು ಡಾಕ್ಟರು ಕೇಳಿದಾಗ ‘ಪರವಾಗಿಲ್ಲ’ ಎಂದುಬಿಟ್ಟರೆ ಅವೆಲ್ಲ ಅಲ್ಲೇ ಉಳಿದುಹೋಗುತ್ತವೆ.

ನಮ್ಮಲ್ಲಿ ವಾರಕ್ಕೆ ಎರಡೇ ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬಹಳ. ಹೊರಗಿನ ಹಲವು ದೇಶಗಳಲ್ಲಿ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಎಂಬುದು ರೂಢಿ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದ ಮೇಲೆ ಬಿ.ಪಿ.ಎಲ್. ಕುಟುಂಬದವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಡಯಾಲಿಸಿಸ್ ಸಿಗತೊಡಗಿತು. ಆದರೂ ಬಸ್ಸಿನ ಖರ್ಚು, ಜೊತೆಗೆ ಬರುವವರ ಕೂಲಿ ತಪ್ಪುವುದು, ಮಷೀನುಗಳ ಕೊರತೆ ಹಾಗೆಯೇ ಇವೆ. ಹೀಗಾಗಿ ‘ಎರಡು ಸಲ’ ಎಂಬುದು ಎಷ್ಟೋ ಮಂದಿಗೆ ದೇಹ ಕೇಳಿದ ಲೆಕ್ಕವಲ್ಲ, ಜೇಬು ಮತ್ತು ದಾರಿ ಸೇರಿ ಗೊತ್ತುಮಾಡಿದ ಲೆಕ್ಕ. ಮೂತ್ರ ಇನ್ನೂ ಚೆನ್ನಾಗಿ ಬರುತ್ತಿರುವ ಕೆಲವರಿಗೆ ಎರಡು ಸಲವೇ ಸರಿಯಾಗಿರಬಹುದು. ಉಳಿದವರು ಮುಂದಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡಿ.

ಮೊದಲು ನಿಮ್ಮದೇ ಲೆಕ್ಕ ಮಾಡಿ

ಬೇಕಾಗಿರುವುದು ಮೂರು ಸಂಖ್ಯೆಗಳು: ನಿಮ್ಮ ಡ್ರೈ ವೇಟ್ (ಹೆಚ್ಚುವರಿ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕ), ಡಯಾಲಿಸಿಸ್‌ಗೆ ಬಂದಾಗಿನ ತೂಕ, ಮಷೀನಿನಲ್ಲಿ ಇರುವ ಗಂಟೆಗಳು. ನಮ್ಮಲ್ಲಿಗೆ ಬರುವ ನಿವೃತ್ತ ಮೇಷ್ಟ್ರೊಬ್ಬರ ಲೆಕ್ಕ ಹೇಳುತ್ತೇನೆ. ಡ್ರೈ ವೇಟ್ 55 ಕಿಲೋ. ಮಂಗಳವಾರ ಮತ್ತು ಶುಕ್ರವಾರ ಸರದಿ. ಮೂತ್ರ ಹೆಚ್ಚುಕಡಿಮೆ ನಿಂತಿದೆ. ಮೈಯಲ್ಲಿ ಉಳಿಯುವ ನೀರಿನಿಂದ ದಿನಕ್ಕೆ ಸುಮಾರು ಒಂದು ಕಿಲೋ ಏರುತ್ತಾರೆ. ಶುಕ್ರವಾರದಿಂದ ಮಂಗಳವಾರಕ್ಕೆ ನಾಲ್ಕು ದಿನ, ಅಂದರೆ ನಾಲ್ಕು ಕಿಲೋ. ಅದನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕಾದರೆ ಗಂಟೆಗೆ 1000 ಮಿ.ಲೀ. ಅದನ್ನು 55ರಿಂದ ಭಾಗಿಸಿದರೆ ಮೈತೂಕದ ಒಂದು ಕಿಲೋಗೆ ಗಂಟೆಗೆ 18 ಮಿ.ಲೀ. ಚಿಲ್ಲರೆ. ಈ ವೇಗ 13 ಮಿ.ಲೀ. ದಾಟಿದರೆ ಹೃದಯಕ್ಕೆ ಅಪಾಯ ಹೆಚ್ಚುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಲವು ಕಡೆ ಅದನ್ನೇ ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಳ್ಳುತ್ತಾರೆ.

ಅವರನ್ನೇ ಸೋಮ, ಬುಧ, ಶುಕ್ರ ಎಂದು ಮೂರು ಸಲಕ್ಕೆ ತಂದರೆ ಅತಿ ಉದ್ದದ ಬಿಡುವು ಮೂರು ದಿನ. ಮೂರು ಕಿಲೋ, ಗಂಟೆಗೆ 750 ಮಿ.ಲೀ., ಕಿಲೋಗೆ 13.6. ಗೆರೆಯ ಹತ್ತಿರಕ್ಕೆ ಬಂದರು. ಸೋಮ, ಮಂಗಳ, ಗುರು, ಶನಿ ಎಂದು ನಾಲ್ಕು ಸಲವಾದರೆ ಎಲ್ಲಿಯೂ ಎರಡು ದಿನಕ್ಕಿಂತ ಹೆಚ್ಚು ಬಿಡುವಿಲ್ಲ. ವೇಗ ಕಿಲೋಗೆ 9ರ ಆಸುಪಾಸು. ಕುಡಿಯುವುದು, ತಿನ್ನುವುದು ಯಾವುದೂ ಬದಲಾಗಿಲ್ಲ. ಬಿಡುವು ಮಾತ್ರ ಕಡಿಮೆಯಾಗಿದೆ.

ವೇಗ ಇಷ್ಟು ಮುಖ್ಯವಾಗುವುದಕ್ಕೆ ಕಾರಣವಿದೆ. ಮಷೀನು ನೀರು ತೆಗೆಯುವುದು ರಕ್ತದಿಂದ. ಆದರೆ ಹೆಚ್ಚುವರಿ ನೀರಿನ ಬಹುಪಾಲು ಇರುವುದು ಕಾಲಿನ ಬಾವಿನಲ್ಲಿ, ಮಾಂಸಖಂಡದಲ್ಲಿ, ಶ್ವಾಸಕೋಶದಲ್ಲಿ. ಅಲ್ಲಿಂದ ಅದು ನಿಧಾನವಾಗಿ ರಕ್ತನಾಳಕ್ಕೆ ಜಿನುಗಿ ಬರಬೇಕು. ಬೇಸಿಗೆಯಲ್ಲಿ ನಮ್ಮ ಬಾವಿಗಳಿಗೆ ಪಂಪು ಹಾಕಿದವರಿಗೆ ಇದು ಗೊತ್ತು: ಒರತೆ ತುಂಬುವ ವೇಗವನ್ನು ಮೀರಿ ಎಳೆದರೆ, ಕೆಳಗೆ ನೀರಿದ್ದರೂ ಬಾವಿ ಬತ್ತಿದಂತೆ ಆಗುತ್ತದೆ. ಮೈಯಲ್ಲಿ ಬಾವು ಇದ್ದಾಗಲೇ ಬಿ.ಪಿ. ಬೀಳುವುದು ಈ ಕಾರಣಕ್ಕೆ.

ಅದು ಬೀಳುವ ಕ್ಷಣವನ್ನು ನಾವು ಮುಖದಲ್ಲೇ ಓದುತ್ತೇವೆ. ಮೂರನೆಯ ಗಂಟೆಯ ಹೊತ್ತಿಗೆ ಮೊದಲು ಆಕಳಿಕೆ ಬರುತ್ತದೆ, ಒಂದರ ಹಿಂದೆ ಒಂದು. ನಿದ್ದೆ ಬರುತ್ತಿದೆ ಎಂದು ಪಕ್ಕದಲ್ಲಿ ಕುಳಿತವರು ಅಂದುಕೊಳ್ಳುತ್ತಾರೆ. ಆಮೇಲೆ ಮೇಲ್ದುಟಿಯ ಮೇಲೆ ಬೆವರಿನ ಹನಿ, ಆಮೇಲೆ ‘ಸಿಸ್ಟರ್, ಕಣ್ಣು ಕತ್ತಲೆ ಬರುತ್ತಿದೆ’ ಎಂಬ ಮಾತು. ನಾವು ನೀರು ತೆಗೆಯುವುದನ್ನು ನಿಲ್ಲಿಸಿ, ಕಾಲಿನ ಕಡೆ ಹಾಸಿಗೆ ಎತ್ತಿ, ಬೇಕಾದರೆ ಸಲೈನ್ ಕೊಡುತ್ತೇವೆ. ಇಷ್ಟು ಹೊತ್ತು ತೆಗೆದ ಉಪ್ಪುನೀರಿನಲ್ಲೇ ಒಂದಿಷ್ಟನ್ನು ಮತ್ತೆ ಒಳಗೆ ಬಿಟ್ಟಂತಾಯಿತು. ರೋಗಿ ಡ್ರೈ ವೇಟ್ ಮುಟ್ಟದೆ ಮನೆಗೆ ಹೋಗುತ್ತಾರೆ, ಮುಂದಿನ ಬಿಡುವು ಆ ಬಾಕಿಯ ಜೊತೆಗೇ ಶುರುವಾಗುತ್ತದೆ. ಆದ್ದರಿಂದ ಆಕಳಿಕೆ ಬಂದ ಕೂಡಲೇ ಕರೆಯಿರಿ. ತೊಂದರೆ ಕೊಡುತ್ತೇನೆಂದು ಸಂಕೋಚಪಡಬೇಡಿ, ಕರೆಯುವುದಕ್ಕೇ ನಾವಿರುವುದು.

ಮೂರು ವಾರ ಬರೆದಿಡಿ

ನೂರು ಪುಟದ ಒಂದು ಪುಸ್ತಕ ತೆಗೆದುಕೊಳ್ಳಿ. ಪ್ರತಿ ಡಯಾಲಿಸಿಸ್‌ಗೆ ಅರ್ಧ ಪುಟ ಸಾಕು: ಬರುವಾಗಿನ ತೂಕ, ಹೋಗುವಾಗಿನ ತೂಕ, ಮೊದಲ ಮತ್ತು ಕೊನೆಯ ಬಿ.ಪಿ., ನಡುವೆ ಅತಿ ಕೆಳಕ್ಕೆ ಇಳಿದದ್ದೆಷ್ಟು, ಮೀನಖಂಡ ಸೆಟೆದುಕೊಂಡಿತೇ, ವಾಂತಿ, ತಲೆನೋವು ಇತ್ತೇ, ಬೇಗ ನಿಲ್ಲಿಸಬೇಕಾಯಿತೇ. ಇವನ್ನು ನಮ್ಮನ್ನೇ ಕೇಳಿ ಬರೆದುಕೊಳ್ಳಬಹುದು.

ಮನೆಯಲ್ಲಿ ಬರೆಯಬೇಕಾದವು ಬೇರೆ. ನಾನು ಮೊದಲು ಕೇಳಿದ ಪ್ರಶ್ನೆಯೇ ಅವುಗಳಲ್ಲಿ ಮುಖ್ಯ: ಚೇತರಿಸಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು. ‘ಸುಸ್ತು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ, ಗಂಟೆಯಲ್ಲಿ ಬರೆಯಿರಿ. ಮೇಷ್ಟ್ರ ಹೆಂಡತಿ ಒಮ್ಮೆ ನನ್ನನ್ನು ಬಾಗಿಲ ಹೊರಗೆ ಕರೆದು, “ಇವರು ಮನೆಗೆ ಬಂದವರೇ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಾರೆ ಸಿಸ್ಟರ್. ಮರುದಿನ ಊಟಕ್ಕೇ ಏಳುವುದು. ಎಲ್ಲರಿಗೂ ಹೀಗೆಯೇನು?” ಎಂದು ಕೇಳಿದರು. ನಾನು ಹೇಳಿದ್ದಿಷ್ಟೇ: “ಎಲ್ಲರಿಗೂ ಹೀಗಿಲ್ಲ ಅಮ್ಮ. ನೀವು ಈಗ ನನಗೆ ಹೇಳಿದ್ದನ್ನೇ ಬರೆದು ಡಾಕ್ಟರಿಗೆ ತೋರಿಸಿ.” ಅವರು ಬರೆದ ಎರಡು ಹಾಳೆಗಳು ರಕ್ತಪರೀಕ್ಷೆಯ ವರದಿ ಹೇಳದೆ ಬಿಟ್ಟದ್ದನ್ನು ಹೇಳಿದವು.

ಜೊತೆಗೆ ಇವನ್ನೂ ಗುರುತು ಮಾಡಿ: ರಾತ್ರಿ ಎಷ್ಟು ದಿಂಬು ಬೇಕಾಯಿತು, ಮಲಗಿದಾಗ ಉಸಿರು ಕಟ್ಟಿತೇ, ಕಾಲು ಸುಮ್ಮನಿರದೆ ಆಡಿಸುತ್ತಲೇ ಇರಬೇಕೆನಿಸಿತೇ, ತುರಿಕೆ ಎಷ್ಟು, ಊಟ ರುಚಿಸಿತೇ. ಮೂತ್ರ ಬರುತ್ತಿದ್ದರೆ ವಾರಕ್ಕೊಂದು ದಿನ ಇಪ್ಪತ್ತನಾಲ್ಕು ಗಂಟೆಯದನ್ನು ಕ್ಯಾನಿನಲ್ಲಿ ಹಿಡಿದು ಅಳೆಯಿರಿ. ಸೆಷನ್ ಹೆಚ್ಚಿಸಬೇಕೇ ಬೇಡವೇ ಎಂಬುದರಲ್ಲಿ ಈ ಅಳತೆಗೆ ತುಂಬ ತೂಕವಿದೆ.

ಡಾಕ್ಟರ ಬಳಿ ಹೋಗುವಾಗ ಪುಸ್ತಕದ ಜೊತೆ ಪ್ರಶ್ನೆಯನ್ನೂ ಬರೆದುಕೊಂಡು ಹೋಗಿ: “ನನ್ನ ನೀರು ತೆಗೆಯುವ ವೇಗ ಇಷ್ಟಿದೆ. ಮೂರನೆಯ (ಅಥವಾ ನಾಲ್ಕನೆಯ) ಸೆಷನ್ ಸೇರಿಸಿದರೆ ಉಪಯೋಗವಾದೀತೇ? ಮೂರು ತಿಂಗಳು ಮಾಡಿ ನೋಡೋಣವೇ?” ಅವಧಿ ಹೇಳಿ ಕೇಳುವುದು ಒಳ್ಳೆಯದು. ಜೀವನಪೂರ್ತಿ ನಾಲ್ಕು ಸಲ ಎಂದರೆ ಮನೆಯವರು ಕಂಗಾಲಾಗುತ್ತಾರೆ. ಮೂರು ತಿಂಗಳು ಎಂದರೆ ಬಸ್ಸಿಗೂ ರಜೆಗೂ ಹೇಗೋ ಹೊಂದಿಸುತ್ತಾರೆ.

ಏನು ಸುಧಾರಿಸುತ್ತದೆ, ಏನು ಸುಧಾರಿಸುವುದಿಲ್ಲ

ಇದನ್ನು ತಿಳಿದುಕೊಂಡೇ ಮುಂದೆ ಹೋಗಬೇಕು. ಇಲ್ಲವಾದರೆ ಆಗದ್ದನ್ನು ನಿರೀಕ್ಷಿಸಿ, ಆಗಿರುವ ಒಳ್ಳೆಯದನ್ನೂ ಕೈಬಿಡುವವರಿದ್ದಾರೆ.

ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನ ಉತ್ತರ ಅಮೆರಿಕದ್ದು, ಪ್ರಕಟವಾದದ್ದು 2010ರಲ್ಲಿ. 245 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ವಾರಕ್ಕೆ ಮೂರು ಸಲ, ಇನ್ನೊಂದಕ್ಕೆ ಆರು ಸಲ ಚಿಕ್ಕ ಅವಧಿಯ ಡಯಾಲಿಸಿಸ್ ಎಂದು ಒಂದು ವರ್ಷ ನೋಡಿದರು. ಆರು ಸಲದವರಲ್ಲಿ ದಪ್ಪಗಾಗಿದ್ದ ಹೃದಯದ ಗೋಡೆ ತೆಳುವಾಯಿತು, ಬಿ.ಪಿ. ಮತ್ತು ರಕ್ತದಲ್ಲಿನ ಫಾಸ್ಫರಸ್ ಹತೋಟಿಗೆ ಬಂದವು, ದೈಹಿಕ ಆರೋಗ್ಯದ ಬಗ್ಗೆ ಅವರೇ ಕೊಟ್ಟ ಅಂಕ ಏರಿತು. ಆದರೆ ಖಿನ್ನತೆ, ನೆನಪಿನ ಶಕ್ತಿ, ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್, ರಕ್ತಹೀನತೆಯ ಇಂಜೆಕ್ಷನ್ನಿನ ಅಗತ್ಯ ಇವುಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫಿಸ್ಟುಲಾ (ಸೂಜಿ ಹಾಕಲೆಂದು ಕೈಯಲ್ಲಿ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ರಿಪೇರಿಗಳು ಹೆಚ್ಚಾದವು. ಅದೇ ವರ್ಷ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ, ಮನೆಯಲ್ಲೇ ವಾರಕ್ಕೆ ಆರು ಸಲ ಮಾಡಿಕೊಂಡವರದ್ದು: ಚೇತರಿಸಿಕೊಳ್ಳಲು ಹಿಡಿಯುತ್ತಿದ್ದ ಸಮಯ ವರ್ಷದಲ್ಲಿ ಸುಮಾರು ಎಂಟು ಗಂಟೆಯಿಂದ ಸುಮಾರು ಒಂದು ಗಂಟೆಗೆ ಇಳಿಯಿತು. ಅದರಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆ ಕಾರಣಕ್ಕೆ ನಾನು ಆ ಸಂಖ್ಯೆಯನ್ನು ಯಾರಿಗೂ ಭರವಸೆಯಾಗಿ ಹೇಳುವುದಿಲ್ಲ. ಸುಧಾರಣೆಯ ದಿಕ್ಕು ಮಾತ್ರ ನಮ್ಮ ಹಾಸಿಗೆಗಳ ಪಕ್ಕದಲ್ಲಿ ಕಂಡದ್ದಕ್ಕೆ ಹೊಂದುತ್ತದೆ.

ಇವೆಲ್ಲ ಆರು ಸಲದ ಮಾತು, ನಮ್ಮದು ಎರಡರಿಂದ ಮೂರು, ಮೂರರಿಂದ ನಾಲ್ಕರ ಮಾತು ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ನಮಗೆ ನೇರವಾಗಿ ತಾಗುವುದು 2011ರ ಇನ್ನೊಂದು ವರದಿ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಇದ್ದ 32,065 ಅಮೆರಿಕನ್ ರೋಗಿಗಳಲ್ಲಿ, ವಾರದ ಉದ್ದ ಬಿಡುವು ಮುಗಿಯುವ ದಿನದಂದು ಸಾವುಗಳೂ ಹೃದಯದ ತೊಂದರೆಗಾಗಿ ಆಸ್ಪತ್ರೆ ಸೇರುವುದೂ ಉಳಿದ ದಿನಗಳಿಗಿಂತ ಹೆಚ್ಚಿದ್ದವು. ಮೂರು ಸಲ ಮಾಡಿಸಿಕೊಂಡವರಿಗೇ ಕೊನೆಯ ಆ ಬಿಡುವು ಹೀಗೆ ಕಾಡಿದರೆ, ನಾಲ್ಕು ದಿನ ಕಳೆದು ಮಂಗಳವಾರ ಬರುವವರ ಬಗ್ಗೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ಸೆಷನ್ ಸೇರಿಸುವ ಅವಕಾಶ ಒಂದೇ ಇದ್ದರೆ ಅದನ್ನು ಆ ಉದ್ದ ಬಿಡುವಿನ ಮಧ್ಯದಲ್ಲೇ ಹಾಕಿಸಿಕೊಳ್ಳಿ. ‘ಸಾಲಾಗಿ ಎರಡು ದಿನ ಮಾಡಿಸಿ ಆಮೇಲೆ ಆರಾಮವಾಗಿರುತ್ತೇನೆ’ ಎಂದರೆ ಅರ್ಧ ಪ್ರಯೋಜನ ಅಲ್ಲೇ ಸೋರಿಹೋಗುತ್ತದೆ.

ನಮ್ಮಲ್ಲಿ ನಾನು ನೋಡಿರುವಂತೆ, ಬೇಗ ಬದಲಾಗುವುದು ನೀರಿಗೆ ಸಂಬಂಧಿಸಿದ ತೊಂದರೆಗಳು. ಮಲಗಿದಾಗಿನ ಉಬ್ಬಸ, ಕಾಲಿನ ಬಾವು, ಮಷೀನಿನಲ್ಲಿರುವಾಗ ಮೀನಖಂಡ ಸೆಟೆಯುವುದು, ಕೊನೆಯ ಗಂಟೆಯಲ್ಲಿ ಬಿ.ಪಿ. ಬೀಳುವುದು ಎರಡು-ಮೂರು ವಾರದಲ್ಲೇ ಕಡಿಮೆಯಾಗುತ್ತಾ ಬರುತ್ತವೆ. ಹಸಿವು ನಂತರ ಬರುತ್ತದೆ. ಮನೆಯ ಬಿ.ಪಿ. ಇಳಿಯಲು ತಿಂಗಳುಗಳೇ ಬೇಕಾಗಬಹುದು. ತುರಿಕೆಯ ವಿಷಯದಲ್ಲಿ ಖಾತ್ರಿ ಹೇಳಲಾಗದು. ಅದಕ್ಕೆ ಫಾಸ್ಫರಸ್ ಅಲ್ಲದೆ ಬೇರೆ ಕಾರಣಗಳೂ ಇರುತ್ತವೆ. ಹಿಮೋಗ್ಲೋಬಿನ್ ಕಡಿಮೆಯಾಗಿ ಬರುವ ನಿತ್ರಾಣ ಸೆಷನ್ ಹೆಚ್ಚಿಸಿದರೆ ಹೋಗುವುದಿಲ್ಲ, ಅದರ ಚಿಕಿತ್ಸೆ ಬೇರೆ. ಮನಸ್ಸು ಕುಗ್ಗಿದ್ದರೂ ಅಷ್ಟೇ. ಅದನ್ನು ಬೇರೆಯಾಗಿಯೇ ಡಾಕ್ಟರಿಗೆ ಹೇಳಬೇಕು.

ಗಂಟೆ ಕಡಿಮೆ ಮಾಡಿಸಬೇಡಿ

“ಮೂರು ಸಲ ಬರುತ್ತೇನಲ್ಲ ಸಿಸ್ಟರ್, ಇನ್ನು ಮೂರೇ ಗಂಟೆ ಸಾಕು” ಎಂದು ಕೇಳುವವರು ಪ್ರತಿ ತಿಂಗಳೂ ಸಿಗುತ್ತಾರೆ. ಎರಡು ನಾಲ್ಕಲಿ ಎಂಟು, ಮೂರು ಮೂರಲಿ ಒಂಬತ್ತು. ಒಂದು ದಿನ ಹೆಚ್ಚು ಓಡಾಡಿ ವಾರಕ್ಕೆ ಒಂದೇ ಗಂಟೆ ಗಳಿಸಿದಂತಾಯಿತು. ಮೇಷ್ಟ್ರ ಮೂರು ಕಿಲೋವನ್ನು ಮೂರು ಗಂಟೆಯಲ್ಲಿ ತೆಗೆದರೆ ವೇಗ ಮತ್ತೆ 18ಕ್ಕೇ ಹೋಗುತ್ತದೆ. ಫಾಸ್ಫರಸ್ ಕೂಡ ಅವಸರಕ್ಕೆ ಹೊರಬರುವ ವಸ್ತುವಲ್ಲ, ಅದಕ್ಕೆ ಸಮಯವೇ ಬೇಕು. ಈ ಒಂದು ವಿಷಯದಲ್ಲಿ ನಾನು ಯಾರ ದಾಕ್ಷಿಣ್ಯಕ್ಕೂ ಬೀಳುವುದಿಲ್ಲ.

ಸೆಷನ್ ಹೆಚ್ಚಿದ ಮೇಲೆ

ಮೊದಲ ಎರಡು ತಿಂಗಳು ಡ್ರೈ ವೇಟ್ ಮೇಲೆ ಕಣ್ಣಿರಲಿ. ಇದನ್ನು ತುಂಬ ಜನ ಗಮನಿಸುವುದಿಲ್ಲ. ಹಸಿವು ಬಂದು ನಾಲ್ಕು ತುತ್ತು ಹೆಚ್ಚು ಇಳಿದರೆ ನಿಜವಾದ ಮೈ ತುಂಬಿಕೊಳ್ಳುತ್ತದೆ. ಹಳೆಯ 55 ಕಿಲೋವನ್ನೇ ಹಿಡಿದು ತೆಗೆಯುತ್ತಾ ಹೋದರೆ, ಇಲ್ಲದ ನೀರನ್ನು ತೆಗೆದಂತಾಗಿ, ಹೋಗಿದ್ದ ಸ್ನಾಯು ಸೆಳೆತ ಮರಳಿ ಬರುತ್ತದೆ. ಆಗ ‘ಮೂರು ಸಲ ಮಾಡಿಸಿದ್ದರಿಂದಲೇ ಹೀಗಾಯಿತು’ ಎಂದು ನಿಲ್ಲಿಸಿಬಿಡಬೇಡಿ. ಡ್ರೈ ವೇಟ್ ಮತ್ತೆ ನೋಡಿ ಎಂದು ಕೇಳಿ. ಬಾವೇ ಇಲ್ಲ, ಕೊನೆಯ ಅರ್ಧ ಗಂಟೆಯಲ್ಲಿ ಮಾತ್ರ ಸೆಳೆತ, ಧ್ವನಿ ಒಣಗಿದಂತಿದೆ ಎಂದಾದರೆ ತೂಕದ ಗುರಿ ಕೆಳಗಿದೆ ಎಂಬ ಅನುಮಾನ ನಮಗೆ ಬರುತ್ತದೆ.

ಬಿ.ಪಿ. ಮಾತ್ರೆಗಳದ್ದೂ ಇದೇ ಕತೆ. ನೀರು ಹತೋಟಿಗೆ ಬಂದಂತೆ ಅದೇ ಮಾತ್ರೆ ಅಗತ್ಯಕ್ಕಿಂತ ಹೆಚ್ಚಾಗತೊಡಗುತ್ತದೆ. ಡಯಾಲಿಸಿಸ್ ದಿನ ಬೆಳಗಿನ ಮಾತ್ರೆ ತೆಗೆದುಕೊಳ್ಳಬೇಕೇ ಎಂಬುದನ್ನು ಡಾಕ್ಟರಿಂದ ಬರೆಸಿಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ. ಕೆಲವು ಔಷಧಿಗಳು ಡಯಾಲಿಸಿಸ್‌ನಲ್ಲಿ ತೊಳೆದುಹೋಗುತ್ತವೆ: ಅಟೆನೊಲಾಲ್ ಹಾಗೆ, ಹಲವು ಆಂಟಿಬಯಾಟಿಕ್‌ಗಳೂ ಹಾಗೆ. ದಿನ ಬದಲಾದರೆ ಅವುಗಳ ಹೊತ್ತೂ ಬದಲಾಗಬೇಕಾಗಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಹೊಸ ದಿನದ ಪ್ರಮಾಣವನ್ನು ಮೊದಲೇ ಕೇಳಿಕೊಳ್ಳಿ.

ಫಿಸ್ಟುಲಾ ಈ ಬದಲಾವಣೆಯ ಹೊರೆಯನ್ನು ಹೊರುವ ಜಾಗ. ವಾರಕ್ಕೆ ನಾಲ್ಕು ಸೂಜಿ ಇದ್ದದ್ದು ಆರಾಗುತ್ತದೆ, ಎಂಟಾಗುತ್ತದೆ. ನೋವು ಕಡಿಮೆ ಎಂದು ಪ್ರತಿಸಲ ಒಂದೇ ಜಾಗಕ್ಕೆ ಹಾಕಲು ಹೇಳಬೇಡಿ. ಆ ಜಾಗದ ಗೋಡೆ ಸಡಿಲವಾಗಿ ಗುಳ್ಳೆಯಂತೆ ಉಬ್ಬುತ್ತದೆ. ಜಾಗ ಬದಲಿಸುತ್ತಾ ಮೇಲಕ್ಕೆ ಹೋಗಬೇಕು. ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ ಮೂರು ಬೆರಳಿಟ್ಟು ಒಳಗಿನ ಗುಂಯ್ ಎನ್ನುವ ಕಂಪನ ನೋಡಿ. ಅದು ನಿಂತಿದ್ದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಕೇಂದ್ರಕ್ಕೆ ಫೋನ್ ಮಾಡಿ. ಆ ಕೈಯಲ್ಲಿ ಕೊಡಪಾನ ಎತ್ತಬೇಡಿ, ಬಿ.ಪಿ. ನೋಡಿಸಬೇಡಿ, ರಕ್ತ ಕೊಡಬೇಡಿ. ಕುತ್ತಿಗೆಯಲ್ಲಿ ಕ್ಯಾತಿಟರ್ (ರಕ್ತನಾಳಕ್ಕೆ ಹಾಕಿದ ನಳಿಕೆ) ಇರುವವರಿಗೆ ಹೆಚ್ಚು ಸೆಷನ್ ಎಂದರೆ ಹೆಚ್ಚು ಸಲ ಅದನ್ನು ತೆರೆಯುವುದು, ಸೋಂಕಿಗೆ ಅಷ್ಟು ಹೆಚ್ಚು ಅವಕಾಶ. ಚಳಿ ಬಂದು ನಡುಗಿದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಬನ್ನಿ.

ಊಟದ ವಿಷಯ ಬಂದಾಗ ಕರಾವಳಿಯವರಿಗೆ ಹೇಳಲೇಬೇಕಾದದ್ದು ಗಂಜಿಯ ಬಗ್ಗೆ. ಕುಚ್ಚಲಕ್ಕಿ ಗಂಜಿ ಎಂದರೆ ಅನ್ನಕ್ಕಿಂತ ತಿಳಿಯೇ ಹೆಚ್ಚು. ಆ ತಿಳಿಯೂ ಕುಡಿದ ನೀರಿನ ಲೆಕ್ಕಕ್ಕೇ ಸೇರುತ್ತದೆ. ಅದರ ಜೊತೆಗಿನ ಉಪ್ಪಿನಕಾಯಿ, ಹಪ್ಪಳ, ಒಣಮೀನು ಇನ್ನೂ ದೊಡ್ಡ ತೊಂದರೆ. ಸುಮಾರು 8 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ಉಪ್ಪು ತಿಂದು ಬಾಯಾರಿಕೆಯನ್ನು ಗೆದ್ದವರನ್ನು ನಾನು ಕಂಡಿಲ್ಲ. ತಿಳಿ ಬಸಿದು ಅನ್ನ ಉಣ್ಣಿ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪು ತರಲೇಬೇಡಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ, ಮೂತ್ರಪಿಂಡ ಸೋತವರಿಗೆ ಅದು ಪ್ರಾಣಕ್ಕೇ ಕುತ್ತು. ಸೆಷನ್ ಹೆಚ್ಚಿತೆಂದು ಎಳನೀರು, ಬಾಳೆಹಣ್ಣಿಗೆ ತಾವಾಗಿಯೇ ಅನುಮತಿ ಕೊಟ್ಟುಕೊಳ್ಳುವವರಿದ್ದಾರೆ. ಪೊಟ್ಯಾಸಿಯಂ ವರದಿ ನೋಡಿ ಡಾಕ್ಟರು ಹೇಳುವವರೆಗೆ ಬೇಡ. ಇನ್ನು ಹಿತ್ತಲಿನ ದಾರೆಹುಳಿ, ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಆ ಹಣ್ಣು, ಡಯಾಲಿಸಿಸ್ ಎಷ್ಟು ಸಲವಿದ್ದರೂ ಮುಟ್ಟಬಾರದ್ದು. ಅದರ ವಿಷ ಮೂತ್ರಪಿಂಡದ ರೋಗಿಗಳ ಮಿದುಳಿಗೆ ತಾಗಿ, ನಿಲ್ಲದ ಬಿಕ್ಕಳಿಕೆಯಿಂದ ಹಿಡಿದು ಫಿಟ್ಸ್‌ವರೆಗೂ ಒಯ್ಯುತ್ತದೆ. ಪ್ರೋಟೀನ್ ಮಾತ್ರ ಕಡಿಮೆ ಮಾಡಬೇಡಿ. ಡಯಾಲಿಸಿಸ್‌ನಲ್ಲಿ ಅದರ ಒಂದು ಪಾಲು ಹೊರಗೆ ಹೋಗುತ್ತಲೇ ಇರುತ್ತದೆ. ಮೊಟ್ಟೆಯ ಬಿಳಿ, ಮೀನು, ಅವು ತಿನ್ನದವರಿಗೆ ಬೇಳೆ ಎಷ್ಟು ಎಂದು ಆಹಾರತಜ್ಞರನ್ನು ಕೇಳಿ.

ಜಾಗ ಸಿಗದಿದ್ದರೆ

ಹೆಚ್ಚಿನ ಸೆಷನ್ ಬರೆದುಕೊಟ್ಟರೂ ನಿಮ್ಮ ಕೇಂದ್ರದಲ್ಲಿ ಮಷೀನು ಖಾಲಿ ಇಲ್ಲದಿರಬಹುದು. ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಜೊತೆಗೆ ‘ಯಾರಾದರೂ ಬಾರದ ದಿನ ಕರೆಯಿರಿ, ಒಂದು ಗಂಟೆಯೊಳಗೆ ಬರುತ್ತೇನೆ’ ಎಂದು ಹೇಳಿಟ್ಟಿರಿ. ಹಾಗೆ ಹೇಳಿಟ್ಟವರ ನೆನಪು ನಮಗೆ ಇರುತ್ತದೆ. ಬೇರೆ ಕೇಂದ್ರದಲ್ಲಿ ಮಾಡಿಸುವುದಾದರೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಯ ಇತ್ತೀಚಿನ ವರದಿ ಜೊತೆಗಿರಲಿ. ಅದಿಲ್ಲದೆ ಯಾವ ಮಷೀನಿಗೆ ಹಾಕಬೇಕೆಂದು ಅವರು ತೀರ್ಮಾನಿಸಲಾರರು, ನೀವು ಬಂದ ದಾರಿಗೆ ಸುಂಕವಿಲ್ಲದಂತೆ ಮರಳಬೇಕಾಗುತ್ತದೆ.

ಅಲ್ಲಿಯವರೆಗೆ ಇರುವ ಸೆಷನ್‌ಗಳನ್ನೇ ಅರ್ಧ ಗಂಟೆ, ಒಂದು ಗಂಟೆ ಉದ್ದ ಮಾಡಲು ಸಾಧ್ಯವೇ ಎಂದು ಕೇಳಿ. ಮಷೀನಿನ ದ್ರಾವಣದ ಉಷ್ಣತೆಯನ್ನು ಅರ್ಧ ಡಿಗ್ರಿಯಷ್ಟು ಇಳಿಸಿದರೆ ಕೆಲವರಿಗೆ ಬಿ.ಪಿ. ಬೀಳುವುದು ಕಡಿಮೆಯಾಗುತ್ತದೆ, ಚಳಿ ಎನಿಸುತ್ತದೆ, ಹೊದಿಕೆ ತನ್ನಿ. ಡಯಾಲಿಸಿಸ್ ನಡೆಯುವಾಗ ಹೊಟ್ಟೆ ತುಂಬ ಊಟ ಬೇಡ, ರಕ್ತ ಹೊಟ್ಟೆಯ ಕಡೆ ಹರಿದು ಬಿ.ಪಿ. ಇಳಿಯುತ್ತದೆ. ಎರಡೇ ಸಲವಿದ್ದರೆ ಅವುಗಳ ನಡುವಿನ ದಿನಗಳು ಆದಷ್ಟು ಸಮನಾಗಿರಲಿ. ಹಬ್ಬ, ಮದುವೆ, ಕೋಲ ಎಂದು ಒಂದನ್ನು ತಪ್ಪಿಸಿದರೆ ಬಿಡುವು ಒಂದು ವಾರವೇ ಆಗಿಬಿಡುತ್ತದೆ.

ಉದ್ದ ಬಿಡುವಿನ ಕೊನೆಯಲ್ಲಿ ಮಲಗಲಾರದಷ್ಟು ಉಸಿರು ಕಟ್ಟಿದರೆ, ಕಾಲುಗಳಲ್ಲಿ ಬಲವೇ ಇಲ್ಲದಂತಾದರೆ, ಎದೆಬಡಿತ ತಪ್ಪಿತಪ್ಪಿ ಬಂದರೆ ನಿಮ್ಮ ಸರದಿಗೆ ಕಾಯಬೇಡಿ, ರಾತ್ರಿಯಾದರೂ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಅಲ್ಲಿ ಮೊದಲು ಕೇಳುವುದು ಕೊನೆಯ ಡಯಾಲಿಸಿಸ್ ಯಾವಾಗ ಆಯಿತು, ಡ್ರೈ ವೇಟ್ ಎಷ್ಟು, ಫಿಸ್ಟುಲಾ ಯಾವ ಕೈಯಲ್ಲಿ, ಯಾವ ಔಷಧಿ ಅಲರ್ಜಿ ಎಂದು. ಈ ನಾಲ್ಕನ್ನೂ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಪುಸ್ತಕ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರಲಿ.